ಹಸುವಿಗೆ ಹೆಡೆ ಬಂದ ಶುಕ್ರವಾರ

ಆದಿಲಕ್ಷ್ಮಿಯ ಗಂಟಲು ಮಾಡುವಾಗ ದೇವರು ಒಳಗೊಂದು ಹತ್ತಿಯ ಉಂಡೆ ಇಟ್ಟು, ತೆಗೆಯುವುದನ್ನು ಮರೆತಿದ್ದ. ಬಿ.ಎ. ಪಾಸಾಗಿದ್ದಳು, ಮಾಲೂರಿನಿಂದ ಬಂದು ಮುಳಬಾಗಿಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರೂ ಆಗಿದ್ದಳು. ಆದರೆ ಅವಳು ಬಾಯಿ ತೆರೆದರೆ ಮೊದಲ ಬೆಂಚಿಗೆ ಪಾಠ, ಎರಡನೆಯದಕ್ಕೆ ಗಾಳಿ, ಮೂರನೆಯದಕ್ಕೆ ಬರೀ ತುಟಿ ಅಲ್ಲಾಡಿಸುವ ಬೊಂಬೆ.

ಆ ಶುಕ್ರವಾರ ಕೋಲಾರದಿಂದ ಸ್ಕೂಲುಗಳ ಇನ್ಸ್‌ಪೆಕ್ಟರ್ ಚನ್ನರಾಯಪ್ಪನವರು ಬರುವವರಿದ್ದರು. ಹೆಡ್ ಮಾಸ್ಟರ ಮನೆಯಲ್ಲಿ ಊಟ, ಊಟವಾದ ಮೇಲೆ ಆದಿಲಕ್ಷ್ಮಿಯ ಪಾಠ, ಪಾಠವಾದ ಮೇಲೆ ಅವಳ ಕೆಲಸ ಕಾಯಮೋ ಅಲ್ಲವೋ ಎಂಬ ಬರಹ. ಅಪ್ಪನ ಕಾಗದ ಆಗಲೇ ಬಂದು ಅವಳ ಡೈರಿಯ ನಡುವೆ ಕೂತಿತ್ತು. "ಕಾಯಂ ಆದರೆ ಸಂತೋಷ. ಇಲ್ಲದಿದ್ದರೆ ಟ್ರಂಕು ಕಟ್ಟಿಕೊಂಡು ಬಾ. ಟೇಕಲ್ಲಿನವರು ಎರಡು ಸಲ ಕೇಳಿ ಕಳಿಸಿದ್ದಾರೆ. ಹುಡುಗನಿಗೆ ಸ್ವಂತ ರಾಗಿ ಮಿಷನ್ನಿದೆ." ಆದಿಲಕ್ಷ್ಮಿಗೆ ಹುಡುಗನ ಮೇಲೇನೂ ಸಿಟ್ಟಿರಲಿಲ್ಲ. ಆದರೆ ಮಿಷನ್ನಿನ ಸದ್ದಿನಲ್ಲಿ "ಊಟಕ್ಕೆ ಬನ್ನಿ" ಎಂದು ಜೀವಮಾನ ಪೂರ್ತಿ ಕೂಗಬೇಕಾದ ಸಂಸಾರವನ್ನು ನೆನೆದೇ ಅವಳ ಗಂಟಲು ಕಟ್ಟುತ್ತಿತ್ತು.

ಅವಳಿಗೆ ಬಿದ್ದದ್ದು ವಿಚಿತ್ರವಾದ ಪಾಠ. ಯುದ್ಧದ ಕಾಲ, ಊರ ತುಂಬ ಗಾಳಿಸುದ್ದಿ. ಮಕ್ಕಳಿಗೆ ಪತ್ರಿಕೆ ಓದುವುದನ್ನು ಕಲಿಸಿ, ನಿಜ ಸುದ್ದಿ ಯಾವುದು, ಸುಳ್ಳು ಸುದ್ದಿ ಯಾವುದು ಎಂದು ಆರಿಸಲು ಅಭ್ಯಾಸ ಮಾಡಿಸತಕ್ಕದ್ದು ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹೆಡ್ ಮಾಸ್ಟರ್ ಶ್ರೀರಾಮಪ್ಪನವರು ಅದನ್ನು ಎರಡು ಸಲ ಓದಿ, ಅರ್ಥವಾಗದೆ, "ನೀವು ಬಿ.ಎ. ಅಲ್ವೇನಮ್ಮ" ಎಂದು ಅವಳ ಕೈಗಿತ್ತಿದ್ದರು.

ಆದಿಲಕ್ಷ್ಮಿ ಶ್ರದ್ಧೆಯಿಂದ ಶುರುಮಾಡಿದಳು. ಮೊದಲ ವಾರ ಹಳೇ ಪತ್ರಿಕೆ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಯಿತು. ಎರಡನೇ ವಾರ, ಜಾಹೀರಾತು ಎಷ್ಟು ಸುಳ್ಳು ಹೇಳುತ್ತದೆಂದು ತಿಳಿಯಲಿ ಅಂತ ರಾಗಿಮುದ್ದೆಗೆ ಒಂದು ಜಾಹೀರಾತು ಬರೆಸಿದಳು. "ಈ ಮುದ್ದೆ ತಿಂದರೆ ನರೆತ ಕೂದಲು ಕಪ್ಪಾಗುತ್ತದೆ" ಎಂದು ಒಬ್ಬಳು ಬರೆದಳು. ಮಾರನೇ ದಿನ ಮೂವರು ತಾಯಂದಿರು ಬಾಗಿಲಲ್ಲಿ ನಿಂತು, "ಟೀಚರಮ್ಮ, ಅದು ಯಾವೂರ ರಾಗಿ?" ಎಂದು ಕೇಳಿದರು. ಆಗಲೇ ಅವಳು ಎಚ್ಚೆತ್ತುಕೊಳ್ಳಬೇಕಿತ್ತು.

ಆದರೆ ಈ ವಾರ ಹೊಳೆದಿದ್ದು ಅವಳ ಗಂಟಲಿಗೇ ಅಳತೆ ತೆಗೆದು ಹೊಲಿದಂಥ ಪಾಠ: ಪಿಸುಮಾತಿನದು. ಟೀಚರು ಒಂದು ನಿಜ ಸುದ್ದಿಯನ್ನು ಮೊದಲ ಹುಡುಗಿಯ ಕಿವಿಯಲ್ಲಿ ಹೇಳುವುದು, ಅವಳು ಪಕ್ಕದವಳ ಕಿವಿಗೆ, ಹೀಗೇ ಕೊನೆಯವರೆಗೆ. ಕೂಗುವ ಪ್ರಮೇಯವೇ ಇಲ್ಲ. ಇನ್ಸ್‌ಪೆಕ್ಟರ ಮುಂದೆ ಆಡಿಸುವ ಮೊದಲು ಬೆಳಿಗ್ಗೆ ಒಮ್ಮೆ ಅಭ್ಯಾಸ ಮಾಡಿಸೋಣವೆಂದು ಅವಳು ಮೊದಲ ಬೆಂಚಿನ ಬಚ್ಚಮ್ಮನ ಕಿವಿಗೆ ಬಗ್ಗಿದಳು.

"ಹೆಡ್ ಮಾಸ್ಟರ ಮನೆಗೆ ಸುಗಟೂರಿನಿಂದ ಒಂದು ಹಸು ಬಂದಿದೆ. ಹುಲ್ಲು ತಿನ್ನುತ್ತದೆ, ಹಾಲು ಕೊಡುತ್ತದೆ."

ಇದು ನೂರಕ್ಕೆ ನೂರು ನಿಜ. ಇನ್ಸ್‌ಪೆಕ್ಟರ ಎಲೆಗೆ ಗಟ್ಟಿ ಮೊಸರು ಬೀಳಲೆಂದು ಶ್ರೀರಾಮಪ್ಪನವರು ಹಿಂದಿನ ದಿನವಷ್ಟೇ ಹಸು ತರಿಸಿದ್ದರು. ಅದರ ಜೊತೆಗೇ ಒಂದು ಗಾಡಿ ಹುಲ್ಲು.

ಪಿಸುಮಾತು ಹೊರಟಿತು. ಮೂವತ್ತೊಂದು ಹುಡುಗಿಯರು, ಮೂವತ್ತೊಂದು ಕಿವಿ, ಮುಸಿಮುಸಿ ನಗು. ಕೊನೆಯ ಬೆಂಚಿನ ಕೊಂಡಮ್ಮ ಎದ್ದು ನಿಂತು ಒಪ್ಪಿಸಿದಳು:

"ಹೆಡ್ ಮಾಸ್ಟ್ರ ಮನೇಲಿ ಸುಗಟೂರ್‌ನಿಂದ ಬಂದ ನಾಗರಹಾವು ಸೇರ್ಕೊಂಡೈತೆ. ಹುಲ್ಲಲ್ಲೈತೆ. ಹಾಲಿಟ್ಟವ್ರೆ ಮಿಸ್!"

ತರಗತಿ ಬಿದ್ದು ಬಿದ್ದು ನಕ್ಕಿತು. ಆದಿಲಕ್ಷ್ಮಿಯೂ ನಕ್ಕಳು. ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಹೋಗಿ ಎಲ್ಲಿ ಕೆಟ್ಟಿತೆಂದು ಹುಡುಕಿದರು. ಕೆಟ್ಟಿದ್ದು ಎರಡನೇ ಬೆಂಚಿನಲ್ಲಿ. ನಂಗಲಿ ಕಡೆಯ ಮುನಿಯಲ್ಲಮ್ಮನಿಗೆ ಮನೆಮಾತು ತೆಲುಗು. ಹಸು ಎಂದು ಕೇಳಿದವಳು ವಾಡಿಕೆಯಂತೆ "ಆವು" ಎಂದು ದಾಟಿಸಿದ್ದಳು. ತೆಲುಗಿನಲ್ಲಿ ಹಸುವೆಂದರೆ ಆವು. ಅವಳ ಪಕ್ಕದವಳು ಹಕಾರವನ್ನು ಹುಟ್ಟಿದಾರಭ್ಯ ನುಂಗಿಕೊಂಡೇ ಬಂದ ಅಪ್ಪಟ ಕನ್ನಡದವಳು. ಅವಳ ಮನೆಯಲ್ಲಿ ಹಾವಿಗೂ ಆವು ಅಂತಲೇ ಅನ್ನುವುದು. ಹಸುವಿಗೆ ಅಲ್ಲಿ ಹೆಡೆ ಬಂತು.

"ನೋಡಿದ್ರಾ? ಯಾರೂ ಸುಳ್ಳು ಹೇಳಲಿಲ್ಲ. ಆದ್ರೂ ಸುದ್ದಿ ಸುಳ್ಳಾಯ್ತು," ಎಂದು ಆದಿಲಕ್ಷ್ಮಿ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದಳು. ಯಾರು ನೋಡಿದರು? ಎಲ್ಲಿ ನೋಡಿದರು? ಎರಡನೆಯವರು ಯಾರಾದರೂ ನೋಡಿದರೇ? "ಇಬ್ಬರು ಕಣ್ಣಾರೆ ನೋಡದೇ ಇದ್ರೆ ಅದು ಸುದ್ದಿಯೇ ಅಲ್ಲ. ತಿಳೀತಾ?"

ಇಷ್ಟು ಸೊಗಸಾದ ಪಾಠ ಅವಳ ಜನ್ಮದಲ್ಲೇ ಆಗಿರಲಿಲ್ಲ. ಸಂತೋಷದಲ್ಲಿ ಸುಮ್ಮನೆ ಕೇಳಿದಳು: "ನೀನು ಕೊನೆಯವಳಲ್ವಾ ಕೊಂಡಮ್ಮ? ನಿನ್ನಿಂದ ಮುಂದಕ್ಕೆ ಹೋಗ್ಲಿಲ್ಲ ತಾನೆ?"

"ಹೋಯ್ತು ಮಿಸ್. ಪಕ್ಕದವ್ರ ಕಿವೀಲಿ ಹೇಳಿ ಅಂದ್ರಲ್ಲ. ಪಕ್ಕದಲ್ಲಿ ಯಾರೂ ಇರ್ಲಿಲ್ಲ, ಕಿಟಕಿ ಇತ್ತು. ಕಿಟಕೀಲಿ ಬೋರೆಹಣ್ಣಿನ ಅಜ್ಜಿ ಇತ್ತು."

ಆದಿಲಕ್ಷ್ಮಿ ಕಿಟಕಿಗೆ ಓಡಿದಳು. ಹೊರಗೆ ಬೋರೆಹಣ್ಣಿನ ಬುಟ್ಟಿ ಇತ್ತು, ಸೇರು ಇತ್ತು, ಕೂರುವ ಗೋಣಿಯೂ ಇತ್ತು. ಅಜ್ಜಿ ದೊಡ್ಡವೆಂಕಟಮ್ಮ ಮಾತ್ರ ಇರಲಿಲ್ಲ. ಬುಟ್ಟಿ ಬಿಟ್ಟು ಆಕೆ ಎದ್ದು ಹೋದದ್ದನ್ನು ಮುಳಬಾಗಿಲು ಅದುವರೆಗೆ ಕಂಡಿರಲಿಲ್ಲ.

ಹೆಡ್ ಮಾಸ್ಟರ ಮನೆ ಎರಡು ಬೀದಿಯಾಚೆ. ಆದಿಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಕೋಲು, ಒನಕೆ, ಒಬ್ಬನ ಕೈಯಲ್ಲಿ ಮೀನಿನ ಬಲೆ. ಒಳಗೆ ಹೆಡ್ ಮಾಸ್ಟರ ಹೆಂಡತಿ ಶಾಮಲಮ್ಮನವರು ಇನ್ಸ್‌ಪೆಕ್ಟರಿಗೆಂದು ಕರಿಯುತ್ತಿದ್ದ ಹಪ್ಪಳದ ಜಾಲರಿ ಸಮೇತ ಊಟದ ಮೇಜಿನ ಮೇಲೆ ನಿಂತಿದ್ದರು.

"ಮೇಜಿನ ಕಾಲು ಸುತ್ಕೊಂಡಿದೆ ನೋಡ್ರೀ!"

"ಅದು ನನ್ನ ಪಂಚೆ ಕಣೇ," ಎಂದರು ಮೇಜಿನ ಕೆಳಗೆ ಹುಡುಕುತ್ತಿದ್ದ ಶ್ರೀರಾಮಪ್ಪನವರು.

ಬೀದಿಯ ನಡುವೆ ದೊಡ್ಡವೆಂಕಟಮ್ಮ ಎರಡು ಕೈ ಅಗಲಿಸಿ ಅಳತೆ ತೋರಿಸುತ್ತಿದ್ದಳು. ಆ ಅಳತೆ ಸಾಲದೆ ಪಕ್ಕದವಳ ಕೈಯನ್ನೂ ಎಳೆದು ಸೇರಿಸಿಕೊಂಡಿದ್ದಳು.

"ಹಾವಲ್ಲ! ಹಸು!" ಎಂದಳು ಆದಿಲಕ್ಷ್ಮಿ, ತನಗಿದ್ದ ದನಿಯನ್ನೆಲ್ಲ ಹಾಕಿ. ಪಕ್ಕದಲ್ಲಿದ್ದ ಕೋಳಿ ಮಾತ್ರ ತಿರುಗಿ ನೋಡಿತು.

ಕೊನೆಗೆ ಎದುರುಮನೆಯ ಅಶ್ವತ್ಥಮ್ಮನ ತೋಳು ಹಿಡಿದುಕೊಂಡಳು. ಅಶ್ವತ್ಥಮ್ಮನ ಗಂಟಲೆಂದರೆ ಕೆರೆ ಏರಿಯಾಚೆಯ ಎಮ್ಮೆಗಳೂ ತಲೆ ಎತ್ತುವಂಥದ್ದು. ಆಕೆಗೆ ಸರಿಯಾಗಿ ಅರ್ಥವಾಗಲೆಂದು ಅವಳ ಮನೆಮಾತಾದ ತೆಲುಗಿನಲ್ಲೇ ಕಿವಿಯಲ್ಲಿ ಹೇಳಿದಳು: "ಪಾಮು ಕಾದಮ್ಮಾ, ಆವು! ಆವು!" ಹಾವಲ್ಲ, ಹಸು.

ಅಶ್ವತ್ಥಮ್ಮನಿಗೆ ಅರ್ಥವಾಯಿತು. ಜಗಲಿ ಹತ್ತಿ ಸಾರಿದಳು: "ಕೇಳ್ರಪ್ಪೋ! ಓದಿದ ಟೀಚರಮ್ಮನೇ ಹೇಳ್ತಾವ್ರೆ! ಆವು ಅಂತೆ, ಆವು!"

ಬೀದಿಯ ಕನ್ನಡದ ಅರ್ಧ ಒಮ್ಮೆಲೇ ಹಿಂದಕ್ಕೆ ಜಿಗಿಯಿತು. ಪಕ್ಕದಲ್ಲೇ ನಿಂತು ಕಿವಿಮಾತಿಗೂ ಕಿವಿಗೊಟ್ಟಿದ್ದ ಬಲೆಯವನು, "ಪಾಮೂ ಅಂದ್ರಲ್ಲ, ಆವೂ ಅಂದ್ರಲ್ಲ? ಹಂಗಾದ್ರೆ ಜೋಡಿ ಕಣ್ರೋ!" ಎಂದ. ಹಾವು ಎರಡಾಯಿತು.

ಇದೇ ಹೊತ್ತಿಗೆ ಪೆಟ್ರೋಲಿನ ಬರಕ್ಕೆ ಇದ್ದಿಲಿನಲ್ಲೇ ಓಡುತ್ತಿದ್ದ ಕೋಲಾರದ ಬಸ್ಸು ಹೊಗೆ ಕಾರುತ್ತ ಬಂದು ನಿಂತು, ಇನ್ಸ್‌ಪೆಕ್ಟರ್ ಚನ್ನರಾಯಪ್ಪನವರು ಮುಖವೆಲ್ಲ ಮಸಿಯಾಗಿ ಇಳಿದರು. ಎದುರಿಗೆ ಸಿಕ್ಕವನೊಬ್ಬ ಅವರ ಕೈಗೂ ಒಂದು ಕೋಲು ಕೊಟ್ಟ. "ತಗೊಳ್ಳಿ ಸಾಮಿ, ಹಿತ್ತಲ ಕಡೆ ಜನ ಸಾಲ್ದು."

ಗದ್ದಲಕ್ಕೆ ಬೆದರಿ ಹಗ್ಗ ಹರಿದುಕೊಂಡ ಹಸು ಹಿತ್ತಲಿಂದ ಬೀದಿಗೆ ನುಗ್ಗಿತು. ಜನ ದಾರಿ ಬಿಟ್ಟು ಹಸುವಿನ ಹಿಂದೆ ಹಾವು ಬರುವುದೆಂದು ಕಾದರು. "ಅಯ್ಯೋ, ಮೂಕಪ್ರಾಣಿಯನ್ನೂ ಬಿಡ್ಲಿಲ್ಲ ಆ ಜೋಡಿ," ಎಂದು ದೊಡ್ಡವೆಂಕಟಮ್ಮ ಕಣ್ಣೊರೆಸಿಕೊಂಡಳು.

ಆದಿಲಕ್ಷ್ಮಿಗೆ ಅಪ್ಪನ ಕಾಗದ ನೆನಪಾಯಿತು. ಕಿವಿಯಲ್ಲಿ ರಾಗಿ ಮಿಷನ್ನು ಗುರ್ರೆಂದಿತು. ಬಾಯಿಂದ ಆಗದ್ದು ಕೈಯಿಂದ ಆದೀತು ಎಂದುಕೊಂಡು ಸ್ಕೂಲಿಗೆ ಓಡಿದಳು.

ಐದೇ ನಿಮಿಷದಲ್ಲಿ ತರಗತಿಯ ಕರೀಬೋರ್ಡು ಬೀದಿಗೆ ಬಂತು. ಕೆಳಗೆ ಎಂಟು ಹುಡುಗಿಯರ ಕಾಲು. ಬೋರ್ಡಿನ ಮೇಲೆ ದೊಡ್ಡಕ್ಷರ: "ಇದು ಹಸು. ಹಾವಲ್ಲ. ನೋಡಿದವರು: ಇಡೀ ಊರು." ಕೆಳಗೊಂದು ಚಿತ್ರ. ಅವಸರದಲ್ಲಿ ಬಾಲ ಸ್ವಲ್ಪ ಉದ್ದವಾಗಿ ಜನ ಅನುಮಾನದಿಂದ ನೋಡಿದ್ದರಿಂದ ಅಲ್ಲೇ ನಿಂತು ಎರಡು ಕೊಂಬು ಸೇರಿಸಬೇಕಾಯಿತು. ಒಂದು ಕಡೆ ಬಚ್ಚಮ್ಮ ಕನ್ನಡದಲ್ಲಿ, ಇನ್ನೊಂದು ಕಡೆ ಮುನಿಯಲ್ಲಮ್ಮ ತೆಲುಗಿನಲ್ಲಿ ಓದಿ ಓದಿ ಕೂಗಿದರು. ಆ ಹೊತ್ತಿಗೆ ಹಸುವೂ ಬಂದು ಬೋರ್ಡಿನ ಪಕ್ಕದಲ್ಲಿ ನಿಂತು, ಚಿತ್ರವನ್ನು ಮೂಸಿ, ಅಂಬಾ ಎಂದಿತು.

ಮೊದಲು ನಕ್ಕಿದ್ದು ಬಲೆಯವನು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಶಾಮಲಮ್ಮನವರು ಮೇಜಿನಿಂದ ಇಳಿದರು. ದೊಡ್ಡವೆಂಕಟಮ್ಮ ಮಾತ್ರ ಮುಖ ಊದಿಸಿಕೊಂಡು, "ನಗ್ರಿ ನಗ್ರಿ," ಎಂದಳು.

ಊಟವಾಯಿತು. ಮೊಸರು ನಿಜವಾಗಿಯೂ ಗಟ್ಟಿಯಾಗಿತ್ತು. ಹಿತ್ತಲ ಜಗಲಿಯ ಮೇಲೆ, ಸುಗಟೂರಿನ ಹುಲ್ಲುಮೆದೆಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತ ಚನ್ನರಾಯಪ್ಪನವರು ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಊರಿನವರು ಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು.

"ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪಾಠ ನೋಡಿಲ್ಲಮ್ಮ," ಎಂದರು. "ಗಾಳಿಸುದ್ದಿ ಹೇಗೆ ಹುಟ್ಟುತ್ತೆ, ಹೇಗೆ ಸಾಯುತ್ತೆ, ಎರಡನ್ನೂ ಬೀದೀಲೇ ತೋರಿಸಿಬಿಟ್ಟಿರಿ. ಇನ್ನು ತರಗತಿಗೆ ಬರೋದೇ ಬೇಡ."

ಪೆನ್ನು ತೆಗೆದರು. ಯುದ್ಧದಿಂದಾಗಿ ಕಾಗದಕ್ಕೆ ಬರ. ವರದಿಗೆ ಒಬ್ಬರಿಗೆ ಒಂದೇ ಹಾಳೆ. ಆದ್ದರಿಂದ ಚಿತ್ತಾಗದಂತೆ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುವುದು ಅವರ ಅಭ್ಯಾಸ. "ಈ ಉಪಾಧ್ಯಾಯಿನಿಯ... ಕೆಲಸದ ವಿಷಯದಲ್ಲಿ... ಕಾ... ಯ..."

ಆದಿಲಕ್ಷ್ಮಿ ಆ ಪೆನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಸೊನ್ನೆ ಬಿದ್ದರೆ ಕಾಯಂ. ಸಾಸಿವೆಯಷ್ಟು ಸೊನ್ನೆ.

ಆಗ ಕುರ್ಚಿಯ ಪಕ್ಕದ ಹುಲ್ಲು ಅಲ್ಲಾಡಿತು.

ಗೋಡೆಯ ಮೇಲಿನವರ ಕಣ್ಣಿಗೆ ಕುರ್ಚಿ ಅಡ್ಡವಿದ್ದ ಕಡೆ, ಹುಲ್ಲಿನೊಳಗಿಂದ ಒಂದು ಕಪ್ಪು ಮೂತಿ ಹೊರಬಂತು. ಅದರ ಹಿಂದೆ ಒಂದು ಮೊಳ ಬಂತು. ಇನ್ನೊಂದು ಮೊಳವೂ ಬಂತು. ಇನ್ಸ್‌ಪೆಕ್ಟರ ಬರಿಗಾಲಿನ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ತಲೆ ಎತ್ತಿ, ಹೆಡೆ ಅಗಲಿಸಿ, ಸುತ್ತೋಲೆಯನ್ನು ಓದುವವರ ಹಾಗೆ ಗಂಭೀರವಾಗಿ ನಿಂತಿತು.

ಒಂದೇ ಒಂದು ಗಳಿಗೆ ಸುಮ್ಮನಿದ್ದರೆ ಸೊನ್ನೆ ಬೀಳುತ್ತಿತ್ತು. ಆ ಗಳಿಗೆಯ ಬಗ್ಗೆ ಆದಿಲಕ್ಷ್ಮಿ ಆಮೇಲೆ ಡೈರಿಯಲ್ಲಿ ಮೂರು ಪುಟ ಬರೆದಳು. ಆದರೆ ಗಂಟಲಿನ ಹತ್ತಿಯ ಉಂಡೆ ಅವಳನ್ನು ಕೇಳದೆಯೇ ಹಾರಿಹೋಯಿತು.

"ಹಾವು!!!"

ನಂಗಲಿಯವರೆಗೂ ಕೇಳಿರಬೇಕು. ಇನ್ಸ್‌ಪೆಕ್ಟರು ಕುರ್ಚಿ ಸಮೇತ ಹಾರಿದರು. ಪೆನ್ನಿನ ಶಾಯಿಯೆಲ್ಲ ಅವರ ಬಿಳೀ ಕೋಟಿನ ಮೇಲೆ ಚೆಲ್ಲಿತು. ಅಷ್ಟು ದೊಡ್ಡ ಕೂಗನ್ನು ಹಾವೂ ಕೇಳಿರಲಿಲ್ಲವೆಂದು ಕಾಣುತ್ತದೆ. ರೆಪ್ಪೆ ಬಡಿಯುವುದರೊಳಗೆ ಹುಲ್ಲು ಸೇರಿತು.

ಗೋಡೆಯ ಮೇಲಿನ ಸಾಲು ಒಟ್ಟಿಗೇ ಗೊಳ್ಳೆಂದಿತು.

"ಹಾವಲ್ಲ ಟೀಚರಮ್ಮ, ಹಸು!" ಎಂದ ಬಲೆಯವನು.

"ಇದು ಹಸು! ಹಾವಲ್ಲ!" ಎಂದು ಬಚ್ಚಮ್ಮ, ಮುನಿಯಲ್ಲಮ್ಮ ಕಲಿತ ಪಾಠವನ್ನು ಎರಡು ಭಾಷೆಯಲ್ಲೂ ಒಪ್ಪಿಸಿದರು.

"ಅಲ್ಲ, ನಿಜವಾಗ್ಲೂ... ಇಲ್ಲೇ... ನಿಮ್ಮ ಕಾಲ ಹತ್ರ..." ಆದಿಲಕ್ಷ್ಮಿಯ ದನಿ ಮತ್ತೆ ಹತ್ತಿಯೊಳಕ್ಕೆ ಹೋಗಿತ್ತು.

ಚನ್ನರಾಯಪ್ಪನವರು ಕೋಟಿನ ಶಾಯಿಯನ್ನು ನೋಡಿಕೊಂಡರು. ಹುಲ್ಲನ್ನು ನೋಡಿದರು, ಹುಲ್ಲು ಹುಲ್ಲಿನ ಹಾಗೆಯೇ ಇತ್ತು. ಆಮೇಲೆ ಹಿತ್ತಲಲ್ಲಿ ತಿರುಗಿಸಿ ಒರಗಿಸಿದ್ದ ಬೋರ್ಡಿನ ಹಿಂದುಗಡೆ ಅಳಿಸದೆ ಉಳಿದಿದ್ದ ಮೂರು ಪ್ರಶ್ನೆಗಳನ್ನು ನೋಡಿದರು.

"ನಿಮ್ಮ ಪ್ರಶ್ನೆಗಳನ್ನೇ ಕೇಳ್ತೀನಮ್ಮ. ಯಾರು ನೋಡಿದರು?"

"ನಾನು ಸಾರ್."

"ಎಲ್ಲಿ?"

"ಹುಲ್ಲಲ್ಲಿ ಸಾರ್."

"ಎರಡನೆಯವರು ಯಾರಾದರೂ ನೋಡಿದರೇ?"

ಆದಿಲಕ್ಷ್ಮಿ ದೀನಳಾಗಿ ಗೋಡೆಯ ಕಡೆ ತಿರುಗಿದಳು. ಒಬ್ಬರಾದರೂ, ದೇವರೇ, ಒಬ್ಬರಾದರೂ.

ಸಾಲಿನ ಕೊನೆಯಲ್ಲಿ ಒಂದು ಕೈ ಮೇಲೆದ್ದಿತು. ದೊಡ್ಡವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು.

"ನಾನ್ ನೋಡಿದೀನಿ ಸಾಮಿ! ಬೆಳಗಿಂದ ಅದನ್ನೇ ಅಲ್ವಾ ನಾನು ಬಡ್ಕೊಳ್ತಿರೋದು? ಒಂದಲ್ಲ ಸಾಮಿ, ಜೋಡಿ!"

ನಗು ಹಿತ್ತಲು ದಾಟಿ ಬೀದಿಗೆ ಹೋಯಿತು. ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು ಕುರ್ಚಿ ಎತ್ತಿ ನಿಲ್ಲಿಸಿ, ಹೆಡ್ ಮಾಸ್ಟರ ದೌತಿಯಲ್ಲಿ ಪೆನ್ನು ಅದ್ದಿಕೊಂಡರು. ಹಾಳೆ ಒಂದೇ, ಬರೆದದ್ದನ್ನು ಹೊಡೆದುಹಾಕುವಂತಿಲ್ಲ. "ಕಾ, ಯ" ಎಂಬ ಎರಡಕ್ಷರವನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಸೊನ್ನೆ ಇಡಬೇಕಾದ ಕಡೆ ಸೊನ್ನೆ ಇಡದೆ, ಮುಂದಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತ ಸೇರಿಸಿದರು.

"...ತ... ಕ್ಕ... ದ್ದು."

ಈ ಉಪಾಧ್ಯಾಯಿನಿಯ ಕೆಲಸದ ವಿಷಯದಲ್ಲಿ ಕಾಯತಕ್ಕದ್ದು.

ಕೆಳಗೆ ಸಹಿ ಬಿತ್ತು. ಹುಲ್ಲಿನೊಳಗೆ ಯಾರೋ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕ ಹಾಗೆ ಸರಸರ ಸದ್ದಾಯಿತು. ಕೇಳಿಸಿಕೊಂಡವಳು ಆದಿಲಕ್ಷ್ಮಿ ಒಬ್ಬಳೇ.