ಪಂಕ್ತಿಯಲ್ಲಿ ಕೂತ ಮಂಡಿ

ತನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ ಮನುಷ್ಯ ಮರ್ಯಾದೆ ಕಳೆದುಕೊಳ್ಳುತ್ತಾನೆ. ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ಮಂಡಿಯ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ, ಎದುರಿಗೆ ಕಾವಲಿಗೊಂದು ಚಿಪ್ಪು, ನಡುವೆ ಮೂಳೆಗೆ ಮೂಳೆ ಉಜ್ಜದಂತೆ ಮೃದ್ವಸ್ಥಿಯ ಮೆತ್ತೆ, ಎಣ್ಣೆ ಬಿಟ್ಟ ಹಾಗೆ ಒಂದಿಷ್ಟು ದ್ರವ. "ಬಾಗಿಲಿನ ಬಿಜಾಗರಿ ಉಂಟಲ್ಲ, ಹಾಗೆಯೇ ಮಕ್ಕಳೇ" ಎಂದು ತರಗತಿಯ ಬಾಗಿಲನ್ನೇ ತೆರೆದು ಮುಚ್ಚಿ ತೋರಿಸುತ್ತಿದ್ದೆ. ಅದು ಕಿರುಗುಟ್ಟಿದರೆ ಮಕ್ಕಳ ಜೊತೆ ನಾನೂ ನಗುತ್ತಿದ್ದೆ.

ಮೊನ್ನೆ ಮೂಡುಬಿದಿರೆಯಲ್ಲಿ ಮಗಳ ಮಾವನವರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಊಟಕ್ಕೆ ನೆಲದ ಪಂಕ್ತಿಯೂ ಇತ್ತು, ವಯಸ್ಸಾದವರಿಗೆಂದು ಮೇಜು ಕುರ್ಚಿಯೂ ಇತ್ತು. ಹೆಂಡತಿ ತನ್ನ ಪಕ್ಕದ ಕುರ್ಚಿಗೆ ಟವೆಲ್ ಹಾಕಿ ಕಾದಿರಿಸಿ, "ಇಲ್ಲಿ ಬನ್ನಿ. ಕೆಳಗೆ ಕೂತರೆ ಏಳ್ಲಿಕ್ಕೆ ಆಗ್ತದಾ ನಿಮಗೆ?" ಎಂದಳು. ಬೀಗರು ಕೇಳಿಸಿಕೊಂಡರೋ ಏನೋ! ನಾನು ಸೆಟೆದು ನಡೆದು ಪಂಕ್ತಿಯ ಮೊದಲ ಎಲೆಗೇ ಚಕ್ಕಳಮಕ್ಕಳ ಹಾಕಿ ಕೂತೆ. ಬೀಗರೂ ಮರ್ಯಾದೆಗೆ ಪಕ್ಕದಲ್ಲಿ ಕೂತರು.

ಮಜ್ಜಿಗೆಯೂ ಮುಗಿಯಿತು. ಪಂಕ್ತಿಯ ಹಿರಿಯ ಏಳುವವರೆಗೆ ಬೇರೆ ಯಾರೂ ಏಳುವಂತಿಲ್ಲ. ಹಿರಿಯ ನಾನೇ. ಬಲಗೈ ಎಂಜಲು, ಎಡಗೈ ಒಂದೇ ಊರಿದರೆ ಮಂಡಿ ಜಪ್ಪಯ್ಯ ಅಂದರೂ ಏಳಲಿಲ್ಲ. ಸಾಲಿಡೀ ನನ್ನನ್ನೇ ನೋಡುತ್ತಿತ್ತು. ಬೇರೆ ದಾರಿ ಕಾಣದೆ ಬಡಿಸುವವರನ್ನು ಕರೆದು ಇನ್ನೊಮ್ಮೆ ಪಾಯಸ ಹಾಕಿಸಿಕೊಂಡೆ. ಅದು ಮುಗಿಯಿತು. ಮತ್ತೊಮ್ಮೆ ಹಾಕಿಸಿಕೊಂಡೆ. ಬೀಗರೂ ನನಗೆ ಸರಿಸಮನಾಗಿ ಹಾಕಿಸಿಕೊಂಡರು.

"ನಿಮಗೆ ತಡ ಆಯ್ತೇನೋ," ಎಂದೆ, ನಾಚಿಕೆಯಿಂದ.

ಅವರು ನನ್ನ ಕಿವಿಯ ಬಳಿ ಬಾಗಿದರು. "ನಿಧಾನ ಆಗಲಿ ಮಾರಾಯ್ರೇ. ನೀವು ಎದ್ದರೆ ನಾನೂ ಏಳಬೇಕಲ್ಲ! ನನ್ನ ಎರಡೂ ಮಂಡಿ ಹೋಗಿ ವರ್ಷ ಆಯ್ತು."

ಅವರ ಮೇಲೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳಲಿ! ಇಬ್ಬರೂ ನಗಲಾರಂಭಿಸಿದೆವು. ಅಷ್ಟರಲ್ಲಿ ಹೆಂಡತಿ ಕೈ ತೊಳೆದು ಬಂದಳು. ನನಗೆಂದು ಕಾದಿರಿಸಿದ್ದ ಅದೇ ಕುರ್ಚಿಯನ್ನು ತಂದು ಎಲೆಯ ಮುಂದಿಟ್ಟು ಗಟ್ಟಿಯಾಗಿ ಹಿಡಿದಳು. ನಾನು ಅದನ್ನು ಹಿಡಿದು ಎದ್ದೆ, ಆಮೇಲೆ ಬೀಗರು, ಆಮೇಲೆ ಇಡೀ ಪಂಕ್ತಿ.

ಬಸ್ಸಿನಲ್ಲಿ ಅವಳು, "ನಾಳೆ ಡಾಕ್ಟರ ಹತ್ತಿರ ಹೋಗುವ," ಎಂದಳು. "ಅಂಥದ್ದೇನೂ ಆಗಲಿಲ್ಲ," ಎಂದೆ. ಬೆಳ್ತಂಗಡಿ ಬಂತು, ಎಲ್ಲರೂ ಇಳಿದರು. ನಾನು ಸೀಟಿನಲ್ಲೇ ಕೂತು, ಮಂಡಿಚಿಪ್ಪಿನ ಕೆಲಸವೇನೆಂದು, ಎದ್ದು ನಿಂತಿದ್ದ ಅವಳಿಗೆ ವಿವರವಾಗಿ ಹೇಳತೊಡಗಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಕೈ ಚಾಚಿದಳು.