ಶುಭಂ ಆದ ಮೇಲಿನ ಉಪ್ಪಿಟ್ಟು

ಅಥವಾ ಅದು ಡೊಂಬಿವಲಿಯಲ್ಲದೆ ಕಲ್ಯಾಣವೇ ಆಗಿದ್ದಿರಬಹುದು. ಭಾನುವಾರ ಬೆಳಗಿನ ಆಟ ಎಂಬುದು ಮಾತ್ರ ಖಚಿತ. ಅಷ್ಟು ಖಚಿತವಾಗಿ ನೆನಪಿದೆ ಎಂದರೆ ಅದನ್ನೂ ಸ್ವಲ್ಪ ಅನುಮಾನಿಸಬೇಕು. ಮೂವತ್ತು ವರ್ಷಗಳ ಹಿಂದೆ ಕನ್ನಡ ಸಂಘದವರು ತರಿಸಿದ್ದ ಆ ಚಿತ್ರವನ್ನು ನಾನು ನೋಡಿದ್ದು ಒಂದೇ ಸಲ. ಹೆಸರು ಹೇಳುವುದಿಲ್ಲ, ಹೇಳಿದರೆ 'ಯಾವುದದು?' ಎನ್ನುತ್ತೀರಿ. ಬಿಡುಗಡೆಯಾದಾಗ ಒಂದು ವಾರ ಓಡಿ, ಈಗ ನೋಡದವರೇ ಹೆಚ್ಚು ಹೊಗಳುವ ಚಿತ್ರ ಅದು. ಕೊನೆಯಲ್ಲಿ ನಾಯಕನಾದ ಅಂಚೆಯಣ್ಣ ಹೊಳೆಗೆ ಹಾರುತ್ತಾನೆ, ತೆರೆಯ ಮೇಲೆ 'ಶುಭಂ' ಬರುತ್ತದೆ. ಜನ ಎದ್ದು ಕಾಲಲ್ಲೇ ಚಪ್ಪಲಿ ಹುಡುಕುತ್ತಿರುವಾಗ ಚಿತ್ರ ಮತ್ತೆ ಮುಂದುವರಿಯುತ್ತದೆ! ಸತ್ತವನು ಮನೆಯಲ್ಲಿ ಮಣೆಯ ಮೇಲೆ ಕೂತು ಹೆಂಡತಿಗೆ, 'ಉಪ್ಪಿಟ್ಟಿಗೆ ಉಪ್ಪಿಲ್ಲ' ಎನ್ನುತ್ತಾನೆ. ಅರ್ಧ ಜನ ಹೊರಟುಹೋದರು, ಅರ್ಧ ಜನ ಮತ್ತೆ ಕೂತರು. ಸತ್ತ ಮೇಲೂ ಮನುಷ್ಯನಿಗೆ ಉಪ್ಪಿನ ಹಂಗು ತಪ್ಪದೆಂದು ಅರಿತ ನಾನು ಅಂದೇ ಕತೆಗಾರನಾದೆ.

ಅಂದಿನಿಂದ ನನ್ನ ಕತೆಗಳು ಮುಗಿದ ಮೇಲೆ ಶುರುವಾಗುತ್ತವೆ. ಬೈಂಡರು ಪುಟಗಳನ್ನು ತಪ್ಪಾಗಿ ಹೊಲಿದಿದ್ದಾನೆಂದು ಓದುಗರೊಬ್ಬರು ಪುಸ್ತಕವನ್ನೇ ವಾಪಸು ಕಳಿಸಿದ್ದರು. ಆ ಪತ್ರವನ್ನು ಒಳ್ಳೆಯ ವಿಮರ್ಶೆಯೆಂದು ಇಂದಿಗೂ ಕಾಪಾಡಿಕೊಂಡಿದ್ದೇನೆ.

ಇಂಥ ಚಿತ್ರವನ್ನು ತೊಳೆದು ಬೆಳಗಿಸಿ ಡಿಸ್ಕಿನಲ್ಲಿ ತರುತ್ತಾರೆಂಬ ಸುದ್ದಿ ಬಂದಾಗ ಮೊದಲ ದಿನವೇ ಹೆಸರು ಬರೆಸಿದೆ. ಬಿಡುಗಡೆ ನಾಲ್ಕು ಸಲ ಮುಂದೆ ಹೋಯಿತು. ಡಿಸ್ಕಿಗಿಂತ ಮುಂಚೆ ಅದನ್ನು ಹಾಕುವ ಯಂತ್ರ ಮನೆಗೆ ಬಂದು, ಮೇಲೊಂದು ಕಸೂತಿ ಬಟ್ಟೆ ಹೊದ್ದು ಕೂತಿತು. ಮಗಳು, "ಪಪ್ಪಾ, ಅಬ್ ಡಿಸ್ಕ್ ಕೌನ್ ಖರೀದ್ತಾ ಹೈ?" ಎಂದು, ಈಗ ಡಿಸ್ಕು ಯಾರು ಕೊಳ್ಳುತ್ತಾರೆಂದು ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ನೆರೂಳಿನಲ್ಲಿ ಹೋಟೆಲು ನಡೆಸುವ ನನ್ನ ಹಳೆಯ ಗೆಳೆಯ ಸದಾನಂದ ಶೆಟ್ಟರು ಅಲ್ಲಿನ ಸಂಘದಲ್ಲಿ ಚಿತ್ರಪ್ರದರ್ಶನವನ್ನೂ, 'ಸತ್ತ ನಾಯಕನ ಉಪ್ಪಿಟ್ಟು' ಎಂಬ ನನ್ನ ಭಾಷಣವನ್ನೂ ಗೊತ್ತುಮಾಡಿಬಿಟ್ಟರು.

ಭಾನುವಾರ ಭಾಷಣವೆಂದರೆ ಗುರುವಾರ ಡಿಸ್ಕು ಬಂತು. ಹೆಂಡತಿಯನ್ನು ಕೂರಿಸಿಕೊಂಡು ಹಾಕಿದೆ. ಚಿತ್ರ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಉಪ್ಪಿಟ್ಟು ಬಂತು. ಉಪ್ಪಿಲ್ಲವೆಂದ. ಎದ್ದು ಹೋದ. ಹೊಳೆಗೆ ಹಾರಿದ. ಶುಭಂ. ಆಮೇಲೆ ಏನೂ ಇಲ್ಲ.

"ಉಪ್ಪು ಕಡಿಮಿ ಆತಂತ ಹೊಳಿ ಹಾರಿದ್ನೇನ್ರೀ?" ಎಂದಳು ವಿಜಯಪುರದ ನನ್ನ ಹೆಂಡತಿ. "ನಿಮಗ ನಾ ದಿನಾ ಸಪ್ಪನ್ನ ಸಾರು ಹಾಕ್ತೀನಿ, ಒಂದಿನಾನೂ ಹಾರಿಲ್ಲ."

ಶೆಟ್ಟರಿಗೆ ಫೋನು ಮಾಡಿದೆ.

"ಚಿತ್ರ ಇರುವುದೇ ಹಾಗೆ ಮಾರಾಯ್ರೆ. ಅವತ್ತು ಒಂದೇ ಪ್ರಿಂಟು, ಎರಡು ಕಡೆ ಆಟ. ಕಲ್ಯಾಣದಲ್ಲಿ ಒಂದೊಂದು ರೀಲು ಮುಗಿದ ಹಾಗೆ ಡಬ್ಬಿ ಹಿಡ್ಕೊಂಡು ಲೋಕಲ್ ಹತ್ತಿ ಡೊಂಬಿವಲಿಗೆ ಓಡುವುದು. ಏಳನೇ ಡಬ್ಬಿ ನನ್ನ ತಲೆ ಮೇಲಿತ್ತು. ಹಳಿ ರಿಪೇರಿಯ ಮೆಗಾಬ್ಲಾಕಿನ ಭಾನುವಾರ, ಗಾಡಿಗಳೇ ಕಡಿಮೆ. ಆ ರಶ್ಶಿನಲ್ಲಿ ಡೊಂಬಿವಲಿಯಲ್ಲಿ ಇಳೀಲಿಕ್ಕೆ ಬಿಟ್ಟರೆ ತಾನೆ? ಸೀದಾ ಥಾಣೆ ಊರಿಗೇ ಹೋಗಿ ಬಿದ್ದೆ. ನಾನು ತಿರುಗಿ ಬರುವಷ್ಟರಲ್ಲಿ ಹಿಂದಿನಿಂದ ಬಂದ ಎಂಟನೇದನ್ನು ಹಾಕಿ ಮುಗಿಸಿದ್ರು. ಉಪ್ಪಿಟ್ಟು ಇದ್ದ ನನ್ನ ಏಳನೇದನ್ನು ಆಮೇಲೆ ಹಾಕಿದ್ದು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚಂದ ಭಾಷಣ ಮಾಡುವಾಗ ನಡುವೆ ಬಾಯಿ ಹಾಕ್ಲಿಕ್ಕುಂಟಾ? ಅಲ್ಲ, ನೀವು ನೋಡಿದ್ದು ಕಲ್ಯಾಣದಲ್ಲಲ್ವಾ? ಡಬ್ಬಿಯನ್ನು ನನ್ನ ತಲೆಗೆ ಎತ್ತಿಟ್ಟದ್ದೇ ನೀವು."

ಇದು ಇನ್ನೂ ದೊಡ್ಡ ಪೆಟ್ಟು. ಕಲ್ಯಾಣದಲ್ಲಿ ರೀಲುಗಳು ಸರಿಯಾಗಿಯೇ ಓಡಿದ್ದವು. ನಾನು ಡೊಂಬಿವಲಿಯಲ್ಲಿದ್ದರೆ ನನ್ನ ಸಾಹಿತ್ಯವನ್ನು ಬರೆದದ್ದು ಲೋಕಲ್ಲಿನ ರಶ್ಶು. ಕಲ್ಯಾಣದಲ್ಲಿದ್ದರೆ ರೀಲನ್ನು ತಿರುಗಾಮುರುಗಾ ಮಾಡಿದ್ದು ನನ್ನ ತಲೆಯೇ. ಎರಡನೆಯದೇ ಮೇಲು ಎಂದು ನಾನು ಸಮಾಧಾನಪಡುವಷ್ಟರಲ್ಲಿ ಹೆಂಡತಿ, "ಡೊಂಬಿವಲೀನೇರೀ, ಆಗ ನಮ್ಮನಿ ಅಲ್ಲೇ ಇತ್ತಲ್ಲ, ನೀವು ನಡಕೋತ ಮನೀಗೆ ಬಂದಿದ್ರಿ," ಎಂದಳು. ಆಮೇಲೆ, "ಅದು ಬ್ಯಾರೆ ಸಿನಿಮಾನೂ ಇರಬಹುದು ಮತ್ತ," ಎಂದಳು.

ಭಾನುವಾರ ನೆರೂಳಿಗೆ ಹೋದೆ. ಭಾಷಣ ಬದಲಿಸಲಿಲ್ಲ, ಚಿತ್ರವನ್ನೇ ಬದಲಿಸಿದೆ. ಹೊಳೆಯ ಭಾಗ ಮೊದಲು, ಉಪ್ಪಿಟ್ಟಿನ ಭಾಗ ಆಮೇಲೆ ಹಾಕಿ ಎಂದು ರಿಮೋಟು ಹಿಡಿದಿದ್ದ ಶೆಟ್ಟರಿಗೆ ಹೇಳಿದೆ. ಡಿಸ್ಕಿನ ಅನುಕೂಲವೇ ಅದು, ಥಾಣೆಗೆ ಹೋಗಿ ಬರಬೇಕಿಲ್ಲ. ಶುಭಂ ಬಂತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಉಪ್ಪಿಟ್ಟು ಬಂತು. ಅರ್ಧ ಜನ ಚಹಾಕ್ಕೆ ಹೋದರು, ಅರ್ಧ ಜನ ಮತ್ತೆ ಕೂತರು. ನಾನು ತೆರೆಯನ್ನು ಬಿಟ್ಟು ಅವರ ಮುಖಗಳನ್ನೇ ನೋಡುತ್ತಾ ನಿಂತೆ.

"ಈಗ ನೆನಪಾಯ್ತಾ?" ಎಂದು ಶೆಟ್ಟರು ಕಿವಿಯಲ್ಲಿ ಕೇಳಿದರು.

ಇಲ್ಲ. ಅಂದು ಮತ್ತೆ ಕೂತವರಲ್ಲಿ ನಾನಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.