ಸೂರ್ಯನನ್ನು ಕಾಯುವ ನೌಕರಿ

ಸೂರ್ಯನ ಮೇಲೆ ಕಣ್ಣಿಟ್ಟು ಕೂರುವುದೇ ನನ್ನ ನೌಕರಿ ಅಂದರೆ ಯಾರೂ ಸುಮ್ಮನೆ ಕೇಳಿ ಹೋಗುವುದಿಲ್ಲ, ಒಂದಲ್ಲ ಒಂದು ಪ್ರಸಂಗ ಹುಟ್ಟಿಸಿಯೇ ಹೋಗುತ್ತಾರೆ. ಹಂಪಿ ಹತ್ತಿರ ಕಡ್ಡಿರಾಂಪುರದ ಆಚೆ ನಮ್ಮದೊಂದು ಸಣ್ಣ ಕೇಂದ್ರ. ಸೂರ್ಯನಲ್ಲಿ ಜ್ವಾಲೆ ಎದ್ದರೆ, ಅದರಿಂದ ಭೂಮಿಯ ಕಾಂತಶಕ್ತಿ ಏರುಪೇರಾದರೆ ಬರೆದಿಡುವುದು, ಮುಂದೇನಾದೀತು ಎಂದು ಮುಂಚೆಯೇ ಹೇಳುವುದು ನಮ್ಮ ಕೆಲಸ.

ಬಾಳೆಗೆ ಊರುಗೋಲು

ಒಮ್ಮೆ ದೊಡ್ಡ ಜ್ವಾಲೆ ಎದ್ದಿತ್ತು. ಚಹಾದಂಗಡಿಯಲ್ಲಿ ನಾನು, "ನಾಳೆ ಸೂರ್ಯನ ಬಿರುಗಾಳಿ ಬಂದು ಮುಟ್ಟತೈತಿ" ಅಂದದ್ದು ಹಂಪಿಯ ಬಾಳೆ ರೈತರೊಬ್ಬರ ಕಿವಿಗೆ ಬಿತ್ತು.

"ಜೋರ್ ಇರತೈತೇನ್ರಿ?"

"ಭಾಳ ಜೋರ್. ಆದ್ರ ಅದು ಗಾಳಿ ಅಲ್ರಿ, ಒಂದು ಎಲಿನೂ ಅಲುಗಾಡಂಗಿಲ್ಲ."

'ಭಾಳ ಜೋರ್' ಅಂದ ಕೂಡಲೇ ಅವರು ಎದ್ದಾಗಿತ್ತು. ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಸಂಜೆಯೊಳಗೆ ಗೊನೆ ಬಿಟ್ಟ ಪ್ರತಿ ಗಿಡಕ್ಕೂ ಊರುಗೋಲು ಕೊಟ್ಟರು. ಅಕ್ಕಪಕ್ಕದವರು ನಕ್ಕರು. ಮರುದಿನ ಮಧ್ಯಾಹ್ನ ಎಲ್ಲಿಂದಲೋ ಮಳೆಗಾಳಿ ಎದ್ದು ಪಕ್ಕದ ತೋಟಗಳು ಮಲಗಿದವು. ಇವರದು ಒಂದೂ ಬೀಳಲಿಲ್ಲ. ಮಾಗಿದ ಗೊನೆಯೊಂದನ್ನು ಹೊತ್ತು ನಮ್ಮ ಕೇಂದ್ರಕ್ಕೇ ಬಂದರು.

"ಆ ಗಾಳಿಗೂ ನಾ ಹೇಳಿದ್ದಕ್ಕೂ ಸಂಬಂಧ ಇಲ್ರಿ," ಅಂದೆ.

"ಅದು ನಿಮಗ ಗೊತ್ತಿಲ್ರಿ," ಅಂದರು ಸಮಾಧಾನವಾಗಿ. "ನನ್ನ ಬಾಳಿ ಗಿಡಕ್ಕ ಗೊತ್ತೈತಿ."

ಹನ್ನೊಂದು ಗಂಟೆಯ ಏರಿಳಿತ

ಕಾಂತಶಕ್ತಿ ಅಳೆಯುವ ಯಂತ್ರವಿರುವ ನಮ್ಮ ಗುಡಿಸಲಿಗೆ ಒಂದು ಕಬ್ಬಿಣದ ಮೊಳೆಯನ್ನೂ ಹೊಡೆದಿಲ್ಲ. ಕಬ್ಬಿಣ ಹತ್ತಿರ ಬಂದರೆ ಯಂತ್ರ ಏನೇನೋ ತೋರಿಸುತ್ತದೆ. ಆದರೂ ಒಂದು ವಾರ ದಿನಾ ಸರಿಯಾಗಿ ಹನ್ನೊಂದಕ್ಕೆ ಯಂತ್ರದ ಗೆರೆ ಮೇಲೆ ಎಗರುತ್ತಿತ್ತು, ಅರ್ಧ ತಾಸಿಗೆ ಇಳಿಯುತ್ತಿತ್ತು. ಸೂರ್ಯನದು ಯಾವುದೋ ಹೊಸ ಆಟ ಸಿಕ್ಕಿತೆಂದು ನಮ್ಮ ಸಾಹೇಬರು ಲೇಖನ ಬರೆಯಲು ಕುಳಿತೇಬಿಟ್ಟರು.

ಎಂಟನೇ ದಿನ ನಾನು ಗುಡಿಸಲಿನ ಹಿಂದೆ ಹೋಗಿ ನೋಡಿದೆ. ಹುಲ್ಲು ಕೊಯ್ಯುವ ಅಜ್ಜಿಯೊಬ್ಬರು ನೆರಳಿಗೆ ಕೂತು ರೊಟ್ಟಿ ತಿನ್ನುತ್ತಿದ್ದರು. ಕುಡುಗೋಲನ್ನು ಗೋಡೆಗೆ ಸಿಕ್ಕಿಸಿದ್ದರು.

"ಅಮ್ಮಾ, ನಿಮ್ಮ ಕುಡುಗೋಲಿನಿಂದ ನಮ್ಮ ಸೂರ್ಯನ ಲೆಕ್ಕ ತಪ್ಪಾಕತ್ತೈತ್ರಿ."

ಅಜ್ಜಿ ಒಮ್ಮೆ ಕುಡುಗೋಲು ನೋಡಿದರು, ಒಮ್ಮೆ ಮೇಲೆ ಸೂರ್ಯನನ್ನು ನೋಡಿದರು.

"ಹೋದ ವಾರ ಸಾಣಿ ಹಿಡಿಸೀನಪ್ಪಾ," ಅಂದರು. "ಅದಕ್ಕ ಅಷ್ಟು ದೂರ ತಾಗಿರಬೇಕು."

ಅತ್ತೆ ಬಂದ ದಿನ

ಕಂಪ್ಲಿಯಿಂದ ನಮ್ಮ ಅತ್ತೆ ಬರುವವರಿದ್ದರು. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಕರೆತರುವ ಜವಾಬ್ದಾರಿ ನನ್ನದು. ಕೇಂದ್ರದಲ್ಲೇ ಊಟ ಮಾಡಿ ಐದು ನಿಮಿಷ ಅಂತ ಅಡ್ಡಾದವನು ಎರಡು ತಾಸು ಮಲಗಿಬಿಟ್ಟೆ, ಫೋನು ಬೇರೆ ಮೂಕ ಮಾಡಿಟ್ಟಿದ್ದೆ. ಎದ್ದು ಮನೆಗೆ ಓಡಿದರೆ ಅತ್ತೆ ಎರಡು ಚೀಲ ಹೊತ್ತುಕೊಂಡು ತಾವೇ ಬಂದು ಕೂತಿದ್ದರು. ಬೆವರು ಇನ್ನೂ ಆರಿರಲಿಲ್ಲ.

"ಫೋನ್ ಯಾಕ ಎತ್ತಲಿಲ್ರಿ?" ಅಂದಳು ಹೆಂಡತಿ.

"ಸೂರ್ಯನಾಗ ಭಾಳ ದೊಡ್ಡ ಸ್ಫೋಟ ಆಗಿತ್ತು. ಸಿಗ್ನಲ್ ಪೂರಾ ಹೋಗಿತ್ತು. ಬಿಟ್ಟು ಏಳಾಕ ಆಗಲಿಲ್ಲ."

ಅವಳು ತನ್ನ ಫೋನು ತೆಗೆದು ನಮ್ಮ ಕೇಂದ್ರದ ಆ ದಿನದ ವರದಿಯನ್ನು ಅಮ್ಮನಿಗೆ ಕೇಳುವಂತೆ ಓದಿದಳು: "ಇಂದು ಸೂರ್ಯ ಸಂಪೂರ್ಣ ಶಾಂತ. ಸಂಪರ್ಕಕ್ಕೆ ಯಾವ ಅಡಚಣೆಯೂ ಇಲ್ಲ." ಆಮೇಲೆ ಫೋನು ನನ್ನ ಮುಂದೆ ಹಿಡಿದಳು. "ಕೆಳಗ ಸಹಿ ಯಾರದ್ರಿ ಇದು?"

ನನ್ನದೇ.

ನಾನು ಅತ್ತೆಯ ಮುಖ ನೋಡಿದೆ. ಅವರು ನಿಧಾನವಾಗಿ ಸೆರಗಿನಿಂದ ಹಣೆ ಒರೆಸಿಕೊಂಡರು.

"ಬಿಡವ್ವಾ, ಅಳಿಯಂದ್ರು ಸುಳ್ಳೇನು ಬರೆದಿಲ್ಲ," ಅಂದರು. "ಸೂರ್ಯ ಶಾಂತ ಅದಾನ ಅಂತ ಬರೆದಾರ. ನಾನು ಶಾಂತ ಅದೀನಿ ಅಂತ ಎಲ್ಲೂ ಬರೆದಿಲ್ಲಲ್ಲ."